ಮೂಲೆಯಲ್ಲಿ ಕತ್ತರಿ

ಫೋನು ಕೆಳಗಿಟ್ಟ ಮೇಲೂ ಅಕ್ಕ ಅದರ ಮುಂದಿನಿಂದ ಏಳಲಿಲ್ಲ. ಫೋನು ಮಾಡಿದವನು ಹಳೆಯ ಧಾರಾವಾಹಿಗಳ ರೀಲುಗಳನ್ನು ತೊಳೆದು ಹೊಸದು ಮಾಡುವ ತಂತ್ರಜ್ಞ. ಪಾಪ, ಅವನಿಗೇನು ಗೊತ್ತು, ಖುಷಿಯಿಂದಲೇ ಹೇಳಿದ್ದ: "ಅಮ್ಮಾ, ಹದಿಮೂರನೇ ಕಂತಿನ ಇಡೀ ಚಿತ್ರ ಸಿಕ್ಕಿದೆ! ಆಗಿನ ಡಬ್ಬಾ ಟೀವಿಗಳು ಅಂಚನ್ನೆಲ್ಲ ನುಂಗಿಬಿಡ್ತಿದ್ವಲ್ಲ, ಅದೂ ಈಗ ಕಾಣುತ್ತೆ. ಹಲ್ಲಿಯಪ್ಪ ಕೈ ಎತ್ತೋ ಶಾಟ್‌ನಲ್ಲಿ ಮೂಲೇಲಿ ಯಾರೋ ಕತ್ತರಿ ಹಿಡ್ಕೊಂಡು ನಿಂತಿದ್ದಾರೆ. ನೀವೇನಾ?"

"ಇರಬಹುದಪ್ಪ," ಎಂದಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಷ್ಟರಲ್ಲಾಗಲೇ ಅವಳ ಬಲಗೈ ಬೆನ್ನ ಹಿಂದೆ ಅಡಗಿತ್ತು.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಬಾಹ್ಯಾಕಾಶದ ಆ ಧಾರಾವಾಹಿಯನ್ನು ಆಗ ನಾಯಿಯೂ ಮೂಸಿ ನೋಡಿರಲಿಲ್ಲ. ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳಿಗೆ ಬೆಳ್ಳಿ ಬಣ್ಣ ಬಳಿದರೆ ನೌಕೆಯ ಗೋಡೆ, ಬಾಟಲಿ ಮುಚ್ಚಳ ಅಂಟಿಸಿದರೆ ಅದರ ಗುಂಡಿಗಳು. ಹದಿಮೂರು ವಾರಕ್ಕೇ ಮಂಗಳ ಹಾಡಿದರು. ಆಮೇಲೆ ಯಾರು ಯಾರೋ ಟೇಪು ಹಂಚಿಕೊಂಡು ನೋಡಿ ನೋಡಿ, ಈಗ ಅದಕ್ಕೆ ಹುಚ್ಚು ಅಭಿಮಾನಿಗಳು. ಅವರಿಗೆಲ್ಲ ಪ್ರಾಣವೆಂದರೆ ಹಲ್ಲಿಯಪ್ಪ, ಬೇರೆ ಗ್ರಹದ ಆ ಹಸಿರು ಮೃಗ. ಅದರೊಳಗಿದ್ದವನು ಅಕ್ಕನ ಒಡಹುಟ್ಟಿದ ತಮ್ಮ.

ವೇಷ ಹೊಲಿಯುವ ಕೆಲಸ ಅವಳದು. ಜಿಪ್ಪು ಹಾಕಿದರೆ ದೀಪಕ್ಕೆ ಮಿಂಚುತ್ತದೆಂದು, ದಪ್ಪ ರಬ್ಬರಿನ ಆ ವೇಷದೊಳಗೆ ತಮ್ಮನನ್ನು ನಿಲ್ಲಿಸಿ, ಬೆನ್ನುದ್ದಕ್ಕೂ ಮೇಣ ಸವರಿದ ದಾರದಲ್ಲಿ ಹೊಲಿದೇಬಿಡುತ್ತಿದ್ದಳು. ಶಾಟ್ ಮುಗಿದ ಮೇಲೆ ಕತ್ತರಿಯಿಂದ ಬಿಡಿಸುವುದು. ತಲೆ ಕೂರಿಸಿದ ಮೇಲೆ ಅವನು ಎಷ್ಟು ಕೂಗಿದರೂ ಹೊರಗೆ ಕೇಳದು. ನೋಡಲು ಎರಡು ಸಣ್ಣ ತೂತು, ಅಷ್ಟೆ. ಅದಕ್ಕೇ ಇಬ್ಬರಲ್ಲೂ ಒಂದು ಒಪ್ಪಂದವಿತ್ತು: ಉಸಿರು ಕಟ್ಟಿದರೆ ಎರಡೂ ಕೈ ತಲೆಯ ಮೇಲಕ್ಕೆ. ಒಂದೊಂದು ಹೊಲಿಗೆಗೂ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

"ಹೆಣ ಹೊಲಿಯೋ ಹಾಗೆ ಮುಖ ಮಾಡ್ಬೇಡ್ವೇ, ಕಚಗುಳಿ ಆಗ್ತಿದೆ ನಂಗೆ," ಎಂದು ತಮ್ಮ ಗೇಲಿ ಮಾಡುತ್ತಿದ್ದ.

ಹನ್ನೆರಡನೇ ಕಂತಿನಲ್ಲಿ ಅವನು ಗರ್ಜಿಸಲೆಂದು ಕೈ ಎತ್ತಿದ. ಅಕ್ಕ ಓಡಿಹೋಗಿ ವೇಷವನ್ನು ಪರ್‌ರೆಂದು ಸೀಳಿಬಿಟ್ಟಳು. ಒಳಗೆ ಮಹಾರಾಯ ಗುಂಡುಕಲ್ಲಿನ ಹಾಗಿದ್ದ! ನಿರ್ದೇಶಕರನ್ನು ಬೆನ್ನ ಹಿಂದೆ ಎಲ್ಲರೂ 'ಗುಡುಗು' ಎನ್ನುತ್ತಿದ್ದರು; ಅವತ್ತು ಆ ಹೆಸರು ಯಾಕೆ ಬಂತೆಂದು ಅವಳಿಗೆ ಗೊತ್ತಾಯಿತು.

"ಇನ್ನೊಂದ್ಸಲ ಶಾಟ್ ಒಳಗೆ ಕಾಲಿಟ್ರೆ, ಅಕ್ಕ ತಮ್ಮ ಇಬ್ರೂ ಗಂಟುಮೂಟೆ ಕಟ್ಟಬೇಕಾಗುತ್ತೆ!"

ಹದಿಮೂರನೆಯದರಲ್ಲಿ ಗುಹೆಗೆ ಬೆಂಕಿ ಬೀಳುವ ದೃಶ್ಯ. ಕಟ್ಟಿದ್ದ ಗುಹೆ ಒಂದೇ, ಸುಟ್ಟರೆ ಮತ್ತೆ ಇಲ್ಲ; ಹಾಗಾಗಿ ಶಾಟೂ ಒಂದೇ. ಹೊಗೆ ಎದ್ದಿತು. ಹಲ್ಲಿಯಪ್ಪ ತೂರಾಡಿದ, ಎರಡೂ ಕೈ ತಲೆಯ ಮೇಲೆತ್ತಿದ. "ಭಲೇ! ಹಾಗೇ ಇರು, ಇಳಿಸ್ಬೇಡ!" ಎಂದು ಗುಡುಗು ಕುಣಿದಾಡಿದರು. ಕತ್ತರಿ ಹಿಡಿದು ಮುಂದೆ ಬಂದಿದ್ದ ಅಕ್ಕ ಅಲ್ಲೇ ನಿಂತುಬಿಟ್ಟಳು. ನಟನೆಯೋ, ನಿಜವೋ? ಹೋದರೆ ಇಬ್ಬರ ಕೆಲಸವೂ ಹೋಯಿತು. ಹೋಗದಿದ್ದರೆ, ಅಯ್ಯೋ ದೇವರೇ! ಕಾಲು ಏಳಲಿಲ್ಲ. ಅವನ ಬೆರಳುಗಳು ಅದುರಿದವು, ಮಂಡಿ ಕುಸಿಯಿತು. ಆಗ ಓಡಿದಳು.

ತಮ್ಮ ಬದುಕಿದ. ಆದರೆ ಹೊಗೆಗೆ ಎದೆ ಬೆಂದು, ಅಂದಿನಿಂದ ಅವನ ದನಿ ಪಿಸುಮಾತಾಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕೇಳಿದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ನಮ್ಮಕ್ಕ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬಂದ್ಬಿಟ್ಳು. ಇಲ್ಲದಿದ್ರೆ ನನ್ನ ಕಥೆ ಅಲ್ಲಿಗೇ ಮುಗೀತಿತ್ತು." ಪಕ್ಕದಲ್ಲೇ ಕೂತ ಅಕ್ಕ ಒಮ್ಮೆಯೂ ಅಲ್ಲ ಎನ್ನಲಿಲ್ಲ. ಈಗ ಅಭಿಮಾನಿಗಳು ಆ ಕಂತನ್ನು ಭಾನುವಾರ ಚಿತ್ರಮಂದಿರದಲ್ಲಿ ಹಾಕಿಸುತ್ತಿದ್ದಾರೆ, ಇಬ್ಬರನ್ನೂ ಕರೆದಿದ್ದಾರೆ. ದೊಡ್ಡ ಪರದೆಯ ಮೇಲೆ, ಅಷ್ಟು ಜನರ ಮುಂದೆ, ಅವಳು ನಿಂತಿದ್ದನ್ನು ಅವನೇ ನೋಡುತ್ತಾನೆ. ಇದ್ದೊಬ್ಬ ತಮ್ಮ. ಆಮೇಲೆ ಅವನಿಗೆ ಮುಖ ತೋರಿಸುವುದು ಹೇಗೆ?

"ಹೋಗೋದು ಬೇಡ ಕಣೋ, ನಿಂಗೆ ಧೂಳು ಆಗಲ್ಲ," ಎಂದಳು.

"ಹಲ್ಲಿಯಪ್ಪನ ಅಸಲಿ ಮೂತಿ ಯಾರೂ ನೋಡಿಲ್ಲ. ತೋರಿಸಿ ಬರ್ತೀನಿ, ನಡಿ."

ಭಾನುವಾರ ಬೆಳಿಗ್ಗೆ ಚಿತ್ರಮಂದಿರ ಕಿಕ್ಕಿರಿದಿತ್ತು. ಅಕ್ಕ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಳು. ಪರದೆಯ ಮೇಲೆ ಹೊಗೆ ಎದ್ದಿತು, ಹಲ್ಲಿಯಪ್ಪ ಕೈ ಎತ್ತಿದ. ಆ ಕೈಗಳು ಎಷ್ಟು ಹೊತ್ತು ಮೇಲಿರುತ್ತವೆ ಎಂದು ಕೂಗಿ ಎಣಿಸುವುದು ಅಭಿಮಾನಿಗಳ ಅಭ್ಯಾಸವಂತೆ. ಯಾರೂ ಅವಳಿಗೆ ಇದನ್ನು ಹೇಳಿರಲಿಲ್ಲ.

"ಒಂದು! ಎರಡು! ಮೂರು!"

"ಅಲ್ನೋಡ್ರೋ, ಮೂಲೇಲಿ ಕತ್ತರಿ!" ಎಂದು ಯಾರೋ ಕಿರುಚಿದರು. ಜನ ಬಿದ್ದು ಬಿದ್ದು ನಕ್ಕರು. ಅಲ್ಲಿ ಅವಳಿದ್ದಳು, ಬಾಗಿಲಷ್ಟು ಎತ್ತರಕ್ಕೆ, ಕತ್ತಿಗೆ ಅಳತೆಪಟ್ಟಿ ಸುತ್ತಿಕೊಂಡು. ಏಳು, ಎಂಟು. ಅಲುಗಾಡಲಿಲ್ಲ. 'ಓಡೇ, ಓಡೇ ಮುಂಡೇದೇ!' ಎಂದು ಅವಳು ಒಳಗೊಳಗೇ ತನ್ನನ್ನೇ ಬೈದುಕೊಂಡಳು. "ಹನ್ನೊಂದು!" ಎನ್ನುವಾಗ ಚಿತ್ರ ಕತ್ತರಿಸಿ ನೌಕೆಯೊಳಗೆ ಹೋಯಿತು. ಚಪ್ಪಾಳೆಗೆ ಕಿವಿ ತೂತು ಬೀಳುವಂತಾಯಿತು.

ತಮ್ಮ ಚಪ್ಪಾಳೆ ತಟ್ಟಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿದ. "ಹನ್ನೊಂದಲ್ಲ ಕಣೇ. ಮಿಕ್ಕಿದ್ದನ್ನ ಕಟ್ ಮಾಡಿದ್ದಾರೆ. ನಾನು ಇಪ್ಪತ್ಮೂರು ಎಣಿಸಿದ್ದೆ."

ಅಕ್ಕ ತಿರುಗಿ ಅವನ ಮುಖ ನೋಡಿದಳು. "ನಿಂಗೆ... ಗೊತ್ತಿತ್ತಾ?"

"ಆ ತೂತಲ್ಲಿ ನಂಗೆ ಕಾಣ್ತಿದ್ದದ್ದು ನೀನೊಬ್ಳೇ."

"ಮತ್ಯಾಕೋ ಎಲ್ಲರ ಹತ್ರ ಹಂಗೆ ಹೇಳ್ತಾ ಬಂದೆ?"

ಅವನು ಏದುಸಿರು ಸರಿಮಾಡಿಕೊಂಡ. "ನೀನು ಅಲ್ಲ ಅಂತೀಯೇನೋ ಅಂತ ಕಾಯ್ತಿದ್ದೆ, ಅಕ್ಕ."