ಎಲ್ಲ ನಡುವಿಗೂ ಒಂದೇ ಪಟ್ಟಿ

ನಾನು ಒಂದು ಸೊಂಟದ ಪಟ್ಟಿ. ದಪ್ಪ ಬಟ್ಟೆ, ಬೆನ್ನಿನ ಕಡೆ ತಗಡಿನ ಕಡ್ಡಿಗಳು, ಮುಂದೆ ಎಳೆದು ಅಂಟಿಸುವ ತುದಿ, ಇಷ್ಟೇ ನನ್ನ ಮೈ. ಎಲ್ಲಿಯದೋ ಕಾರ್ಖಾನೆಯಲ್ಲಿ ಹುಟ್ಟಿ, ಬನಹಟ್ಟಿಯ ಔಷಧದಂಗಡಿಯಲ್ಲಿ ಬಹಳ ದಿನ ಧೂಳು ತಿಂದೆ. ಬೆನ್ನು ಗಟ್ಟಿಯಿದ್ದವರು ನನ್ನತ್ತ ತಿರುಗಿಯೂ ನೋಡುವುದಿಲ್ಲ.

ನನ್ನನ್ನು ಕೊಂಡವನು ನೇಕಾರ ಗುರಪ್ಪ. ನೂಲಿನ ಗಂಟನ್ನು ಮೊಣಕಾಲು ಮಡಿಸದೆ, ಸೊಂಟದಿಂದಲೇ ಬಾಗಿ ಎತ್ತಿ ಸ್ನಾಯು ಹಿಡಿಸಿಕೊಂಡಿದ್ದ. ಅಂಥ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಇಳಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿ, ಹೆಸರು ಮಾತ್ರ ನನಗೆ ಬಂತು.

ಅಂದಿನಿಂದ ನಾನು ಓಣಿಯ ಆಸ್ತಿ. ಟೆಂಪೊ ಓಡಿಸುವ ಮಾನಪ್ಪ ನನ್ನನ್ನು ಒಯ್ದ. ಅವನ ನೋವಿನ ಜಾತಿಯೇ ಬೇರೆ. ಸೊಂಟದಲ್ಲಿ ಹುಟ್ಟಿ ಹಿಮ್ಮಡಿಯವರೆಗೆ ಜುಮ್ಮೆಂದು ಹರಿಯುವುದು, ಕೆಮ್ಮಿದರೆ ಜೀವ ಹೋದಂತಾಗುವುದು. ಎಲುಬಿನ ನಡುವಿನ ಮೆತ್ತೆ ಜಾರಿ ನರ ಒತ್ತಿದೆ ಎಂದರು ಡಾಕ್ಟರು. ಅವರು ಹೇಳಿದ ಗುಳಿಗೆ, ವ್ಯಾಯಾಮಗಳಿಂದ ಅವನು ಸುಧಾರಿಸಿದ. ಹೆಸರು ಮತ್ತೆ ನನಗೇ.

ಆಮೇಲೆ ಗುರಪ್ಪನ ಹೆಂಡತಿ ನೀಲವ್ವನ ನಡುವಿಗೆ ಬಂದೆ. ಇಡೀ ದಿನ ಚರಕದ ಮುಂದೆ ಬಗ್ಗಿ ಕುಳಿತು ನೂಲು ಸುತ್ತುವವಳು.

"ಕುಂತು ಕುಂತು ಹಿಡದೈತಿ. ಪಟ್ಟಿ ಕಟ್ಕೊ, ಹೋಗತೈತಿ" ಅಂದ ಗುರಪ್ಪ.

ಕೂತು ಬಂದ ನೋವು ಮಲಗಿದರೆ ಹಗುರಾಗಬೇಕು. ಇವಳದು ಮಲಗಿದರೂ ಬಿಡಲಿಲ್ಲ. ಸಂಜೆಯಾದರೆ ನನ್ನ ಕೆಳಗೆ ಮೈ ಸುಡುತ್ತಿತ್ತು. ದಿನದಿಂದ ದಿನಕ್ಕೆ ನನ್ನನ್ನು ಇನ್ನಷ್ಟು ಎಳೆದು ಅಂಟಿಸಬೇಕಾಯಿತು, ಅಷ್ಟು ಸೊರಗಿದ್ದಳು. ನನಗೆ ಹೆದರಿಕೆಯಾಗುತ್ತಿತ್ತು. ಹೇಳೋಣವೆಂದರೆ ಬಾಯಿಲ್ಲ.

ಪಟ್ಟಿಗೂ ಬಗ್ಗದ ನೋವಿಗೆ ಓಣಿಯಲ್ಲಿ ಇನ್ನೊಂದು ಮದ್ದಿತ್ತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದಂತೆ. ಹಾಗೆ ಹುಟ್ಟಿದ ಕಾಶವ್ವ ಮುದುಕಿಯನ್ನು ಕರೆತಂದರು.

"ಮೆಲ್ಲಕ ಒದಿ, ಯವ್ವಾ" ಅಂದಳು ನೀಲವ್ವ, ಚಾಪೆಯ ಮೇಲೆ ಬೋರಲು ಮಲಗಿ.

ಮುದುಕಿ ಮೆಲ್ಲಗೇ ಒದ್ದಳು. ನೀಲವ್ವ ಸೆರಗು ಕಚ್ಚಿ ತಡೆದುಕೊಂಡಳು. ಕೆಲವು ದಿನ ಕಳೆದು ಚರಕದ ಮುಂದಿನಿಂದ ಏಳಲು ಹೋದರೆ ಕಾಲುಗಳು ಮಾತು ಕೇಳಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರು ನನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ, "ಬೆನ್ನೆಲುಬಿಗೆ ಕ್ಷಯ ಹತ್ತಿದೆ. ಜ್ವರ ಬರ್ತಿತ್ತು, ಸೊರಗ್ತಿದ್ರು. ಯಾಕೆ ತೋರಿಸಲಿಲ್ಲ?" ಎಂದು ಕೇಳಿದರು.

"ನನಗ ಈ ಪಟ್ಟಿಯಿಂದ ಆರಾಮ ಆಗಿತ್ರಿ, ಸಾಹೇಬ್ರ" ಅಂದ ಗುರಪ್ಪ.

ಔಷಧದಿಂದ ಕ್ಷಯ ಹೋಯಿತು. ಕಾಲಿನ ಬಲ ಬರಲಿಲ್ಲ. ಈಗ ನಾನು ಅವಳ ಮಂಚದ ಮೇಲಿನ ಮೊಳೆಯಲ್ಲಿ ತೂಗುತ್ತೇನೆ. ಕಡ್ಡಿಗಳು ಸೊಟ್ಟಗಾಗಿವೆ, ತುದಿ ಸರಿಯಾಗಿ ಅಂಟುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಶಾಂತವ್ವ ಬಂದಳು. "ಯಕ್ಕಾ, ನಡಾ ಭಾಳ ನೋಯಾಕತ್ತೈತಿ. ಪಟ್ಟಿ ಕೊಡ್ತೀ ಏನ?"

ಗುರಪ್ಪನ ಕೈ ರೂಢಿಯಂತೆ ಮೊಳೆಯತ್ತ ಬಂತು.

"ತಡೀರಿ" ಅಂದಳು ನೀಲವ್ವ. "ಶಾಂತಾ, ಸಂಜೀಕ ಮೈ ಬಿಸಿ ಆಗತೈತೇನ?"

"ಹೂಂ ಯಕ್ಕಾ, ಸ್ವಲ್ಪ."

ನೀಲವ್ವ ಗಂಡನ ಮುಖ ನೋಡಿದಳು. "ಈಗ ದವಾಖಾನಿಗೆ ಕರ್ಕೊಂಡ ಹೋಗ್ರಿ. ಇನ್ನೂ ತನ್ನ ಕಾಲ ಮ್ಯಾಲ ನಡೀತಾಳ."

ಇಬ್ಬರೂ ಹೊರಟರು. ನಾನು ಗೋಡೆಯ ಮೇಲೇ ಉಳಿದೆ. ಆ ಓಣಿಯ ಬೆನ್ನುಗಳಿಗೆ ನಾನು ಮಾಡಿದ ದೊಡ್ಡ ಉಪಕಾರ ಅದೊಂದೇ.