ಮುದ್ದಮ್ಮನ ಗಿರಣಿಯ ಎರಡನೇ ಭಾನುವಾರ

ನಾಗೇಂದ್ರನ ಕತೆ ಕೇಳುವವರು ಯಾರೂ ಇರಲಿಲ್ಲ. ಟಿ. ನರಸೀಪುರದ ಬಾಡಿಗೆ ಕೋಣೆಯಲ್ಲಿ ಬರೆಯುತ್ತಿದ್ದ, ತಾನೇ ಓದಿಕೊಳ್ಳುತ್ತಿದ್ದ. ನಂಜನಗೂಡಿನಲ್ಲಿ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬಿಲ್ ಕೊಡುವುದು ಅವನ ಕೆಲಸ.

ಒಂದು ದಿನ ರಾಗಿ ಗಿರಣಿಯ ಮುದ್ದಮ್ಮ ಅವನ ಬ್ಯಾಗಿನಿಂದ ಇಣುಕುತ್ತಿದ್ದ ನೋಟ್‌ಬುಕ್ ನೋಡಿ, "ಅದೇನಪ್ಪಾ, ಅದೂ ಬಿಲ್ಲಾ?" ಅಂದಳು.

"ಕತೆ ಕಣವ್ವ."

"ಓದು ಮತ್ತೆ."

ಮಿಲ್ಲು ನಿಲ್ಲಿಸಿ ಕೊನೆತನಕ ಕೇಳಿದಳು. "ಕತೇಲಿ ಆ ಎಣ್ಣುನ್ನ ಯಾಕೆ ಸಾಯಿಸ್ದೆ? ಮುಂದೇನು ಬರೀಬೇಕು ಅಂತ ಗೊತ್ತಾಗ್ನಿಲ್ವಾ?"

ನಿಜವಾಗಿಯೂ ಅವನಿಗೆ ಗೊತ್ತಾಗಿರಲಿಲ್ಲ. ಅಂದಿನಿಂದ ಪ್ರತಿ ತಿಂಗಳ ಎರಡನೇ ಭಾನುವಾರ, ಮಿಲ್ಲಿಗೆ ರಜಾ ದಿನ, ಅಲ್ಲಿ ಕೂಟ ಶುರುವಾಯಿತು. ಕಳಲೆಯ ನರ್ಸ್ ದಿವ್ಯ ಪದ್ಯ ತಂದಳು. ಸೋಮನಾಥಪುರದಲ್ಲಿ ಆಟೊ ಓಡಿಸುವ ಮಾದೇಶ್ ತಾನೇ ಕಟ್ಟಿದ ಹಾಡು ತಂದ. ಮೇಷ್ಟ್ರು ಚಂದ್ರಶೇಖರ್ ನಾಟಕ ತಂದರು. ವರ್ಷ ತುಂಬುವಷ್ಟರಲ್ಲಿ ಹನ್ನೊಂದು ಜನ. ರಾಗಿ ಮೂಟೆಗಳ ಮೇಲೆ ಕೂತು ಓದಿ, ಬೈಸಿಕೊಂಡು, ಟೀ ಕುಡಿದು ಏಳುವಾಗ ಎಲ್ಲರ ಹಿಂಬದಿಯೂ ಹಿಟ್ಟು. "ಬಸ್ನಲ್ಲಿ ಕೂರ್ಬೇಡಿ ಕಣ್ರೀ, ಕಂಡಕ್ಟ್ರು ಹಿಟ್ಟಿನ ಮೂಟೆ ಅಂತ ಲಗೇಜ್ ಟಿಕೆಟ್ ಹರೀತಾನೆ" ಅಂತ ಮಾದೇಶ್ ರೇಗಿಸುತ್ತಿದ್ದ. ಈಗಲೂ ಬಿಸಿ ಹಿಟ್ಟಿನ ವಾಸನೆ ಬಂದರೆ ನಾಗೇಂದ್ರ ಒಂದು ಗಳಿಗೆ ಬಿಲ್ ಹರಿಯುವುದನ್ನು ನಿಲ್ಲಿಸುತ್ತಾನೆ.

ಪ್ರತಿ ಕೂಟದಲ್ಲೂ ಕೊನೆಯ ಸರದಿ ಮುದ್ದಮ್ಮನದು. ಅವಳಿಗೆ ಅಕ್ಷರ ಬಾರದು. ತಲೆ ಮೇಲೆ ಬಾಗಿಲು ಹೊತ್ತು ಊರೂರು ತಿರುಗುವ ಹೆಂಗಸಿನ ಕತೆಯನ್ನು ತಿಂಗಳಿಗೊಂದು ತುಂಡಿನಂತೆ ಹೇಳುತ್ತಿದ್ದಳು. ಯಾರೂ ಬರೆದುಕೊಳ್ಳಲಿಲ್ಲ. ಎಲ್ಲರ ಕೈಯಲ್ಲೂ ಅವರವರದೇ ಹಾಳೆ.

ವರ್ಷ ತುಂಬಿದ್ದಕ್ಕೆ ನರಸೀಪುರದಲ್ಲಿ ಕಾರ್ಯಕ್ರಮ ಮಾಡೋಣ ಅಂದರು ಮೇಷ್ಟ್ರು. ಆಹ್ವಾನ ಪತ್ರಿಕೆ ಬರೆದವನು ನಾಗೇಂದ್ರ. ಕವಿಗಳು, ಕತೆಗಾರರು ಅಂತ ಹತ್ತು ಹೆಸರು ಹಾಕಿದ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಸ್ಥಳ ನೀಡಿದ ಗಿರಣಿ ಮಾಲೀಕರಿಗೆ ಕೃತಜ್ಞತೆಗಳು.' ವೀಳ್ಯದೆಲೆ, ಅಡಿಕೆ ಇಟ್ಟು ಮೊದಲ ಕಾರ್ಡು ಮುದ್ದಮ್ಮನಿಗೇ ಕೊಟ್ಟ. ಅವಳು ಪೂರ್ತಿ ಓದಿಸಿಕೊಂಡಳು.

"ನಾನೆಲ್ಲಿದೀನಿ?"

"ಇಲ್ಲಿ ನೋಡವ್ವ, ಗಿರಣಿ ಮಾಲೀಕರು."

"ಅದು ಗಿರಣಿ ಕಣಪ್ಪ. ನಾನೆಲ್ಲಿ?"

ಬರೆಯದವಳ ಹೆಸರು ಕತೆಗಾರರ ಸಾಲಿಗೆ ಬರಬೇಕು ಅಂತ ನಾಗೇಂದ್ರನಿಗೆ ಹೊಳೆದೇ ಇರಲಿಲ್ಲ. ಬೇರೆ ಕಾರ್ಡು ಹಾಕಿಸ್ತೀನಿ ಅಂದ.

"ಬ್ಯಾಡ ಬುಡು. ಕೇಳಿದ್ ಮೇಲೆ ಆಕುಸ್ಕೊಂಡ್ರೆ ಏನ್ ಚೆಂದ?"

ಕಾರ್ಯಕ್ರಮಕ್ಕೆ ಅವಳು ಬರಲಿಲ್ಲ. ಮುಂದಿನ ಎರಡನೇ ಭಾನುವಾರ ಹೋದರೆ ಮಿಲ್ಲು ಓಡುತ್ತಿತ್ತು. "ಗಿರಾಕಿ ಅವ್ರೆ ಕಣಪ್ಪ" ಅಂದಳು. ಮುಖದಲ್ಲಿ ಕೋಪವೇನೂ ಇರಲಿಲ್ಲ.

ಮರುತಿಂಗಳು ಪಾರ್ಕಿನಲ್ಲಿ ಸೇರಿದಾಗ ಏಳು ಜನ, ಆಮೇಲೆ ಹೋಟೆಲಿನಲ್ಲಿ ನಾಲ್ಕು ಜನ. ಅದರ ಮುಂದಿನ ತಿಂಗಳು ನಾಗೇಂದ್ರನೊಬ್ಬನೇ ಒಂದು ಗಂಟೆ ಕಾದು ನರಸೀಪುರದ ಬಸ್ಸು ಹತ್ತಿದ.

ಹೋದದ್ದು ಇಷ್ಟು: ಒಂದು ಜಾಗ, ಹತ್ತು ಜನ, ಬಾಗಿಲು ಹೊತ್ತವಳ ಅರ್ಧ ಕತೆ.