ಗಿರಣಿ ಮುಂದಿನ ತಿರುವು

ಕೆಂಗುಡ್ಡದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆದವರೆಲ್ಲ ನಬಿಲಾಲನ ಹಿಟ್ಟಿನ ಗಿರಣಿ ಮುಂದೆ ಒಮ್ಮೆ ಉಸಿರು ಬಿಗಿ ಹಿಡಿದವರೇ. ಕಣಗಲಾದಿಂದ ಬಂದ ರಸ್ತೆ ಅಲ್ಲಿ ಒಮ್ಮೆಲೇ ಎಡಕ್ಕೆ ಹೊರಳಿ ಗುಡ್ಡದ ಹಾದಿ ಹಿಡಿಯುತ್ತದೆ. ಮೂವತ್ತು ವರ್ಷ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯನ್ನೆಲ್ಲ ಸುತ್ತಿದ ಪರಪ್ಪನಂಥ ಪರಪ್ಪನೇ ಹನ್ನೆರಡು ವರ್ಷದ ಹಿಂದೆ ಅಲ್ಲಿ ಸೋತಿದ್ದ. ಹಿಂದಿನ ಟ್ರೇಲರ್ ಗಿರಣಿಯ ಕಟ್ಟೆಯ ಕಂಬಕ್ಕೆ ತಾಕಿ ಒಂದು ಮೊಳ ಗಾರೆ ಕಿತ್ತು ಬಂದಿತ್ತು. ಆಮೇಲೆ ಎರಡು ಸಲ ಗಿರಣಿಗೆ ಸುಣ್ಣ ಹಚ್ಚಿದರೂ ನಬಿಲಾಲ ಆ ಗಾಯಕ್ಕೆ ಮಾತ್ರ ಸಿಮೆಂಟು ಮುಟ್ಟಿಸಲಿಲ್ಲ.

“ಯಾಕ ತುಂಬಿಲ್ಲೋ?” ಎಂದು ಯಾರಾದರೂ ಕೇಳಿದರೆ, “ಪರ್ಯಾನ ಸಹಿ ಐತಿ ಅದು. ಅಳಸಬಾರದು,” ಅನ್ನುತ್ತಿದ್ದ. ಇಬ್ಬರೂ ಸಾಲಿಯಲ್ಲಿ ಒಂದೇ ಗೋಣಿ ತಟ್ಟಿನ ಮೇಲೆ ಕೂತು ಅಕ್ಷರ ಕಲಿತವರು.

ಈಗ ಆ ತಿರುವಿಗೆ ಇನ್ನೂರು ಅಡಿ ಉದ್ದದ ಸಾಮಾನು ಬರುವುದಿತ್ತು. ಊರ ಮೇಲಿನ ಗುಡ್ಡದಲ್ಲಿ ಹದಿನಾಲ್ಕು ಗಾಳಿಯಂತ್ರ ನಿಲ್ಲಿಸಲು ಒಂದು ಕಂಪನಿ ಬಂದಿತ್ತು. ಊರವರ ಬಾಯಲ್ಲಿ ಅವು ‘ಫ್ಯಾನು’. ಬದಲಿಗೆ ಊರಿಗೆ ರಸ್ತೆ ಮಾಡಿಸಿ ಸಾಲಿಗೆ ಎರಡು ಕೋಣೆ ಕಟ್ಟಿಸಿಕೊಡುವುದಾಗಿ ಕಂಪನಿ ಮಾತು ಕೊಟ್ಟಿತ್ತು. ಗಾಳಿ ಅಳೆಯುವ ಕಂಬ ಎರಡು ವರ್ಷ ಅಲ್ಲೇ ನಿಂತು ಸೈ ಎಂದಿತ್ತು, ಗುಡ್ಡದ ಹೊಲದವರು ಒಪ್ಪಿಗೆ ಬರೆದುಕೊಟ್ಟಿದ್ದರು. ಉಳಿದದ್ದು ಗ್ರಾಮಸಭೆಯ ಠರಾವು. ಅದಕ್ಕೆ ಯಂತ್ರದ ರೆಕ್ಕೆ ಬರುವ ದಾರಿಯ ನಕ್ಷೆ ಹಚ್ಚಿ ಹುಕ್ಕೇರಿಗೆ, ಅಲ್ಲಿಂದ ಬೆಳಗಾವಿಗೆ ಕಳಿಸಬೇಕು. ದಾರಿ ಕಾಣದ ನಕ್ಷೆಗೆ ಮಂಜೂರಾತಿ ಸಿಗುವುದಿಲ್ಲ.

ಗುರುವಾರ ಸಾಲಿಯ ಪಡಸಾಲೆಯಲ್ಲಿ ಸಭೆ ಕೂಡಿತು. ಕಂಪನಿಯ ಇಂಜಿನಿಯರ್ ಭಾಗ್ಯಾ ಇಲ್ಲೇ ಹತ್ತಿರದ ಬೆಲ್ಲದ ಬಾಗೇವಾಡಿ ಎಂಬ ಊರಿನವಳು. ನಮ್ಮ ಕಡೆಯ ಮಾತೇ ಆಡುತ್ತಿದ್ದಳಾದ್ದರಿಂದ ಜನ ಕಿವಿಗೊಟ್ಟು ಕೇಳಿದರು. ನಕ್ಷೆ ಹರವಿ, ತಿರುವಿನ ಮೇಲೆ ಬೆರಳಿಟ್ಟು, “ಇಲ್ಲೊಂದ ಅಡಚಣಿ ಐತ್ರಿ. ಈ ಗಿರಣಿಯ ಮುಂದಿನ ಅರ್ಧಾ ತಗದ್ರ ರೆಕ್ಕಿ ಹೊಳ್ಳತೈತಿ,” ಅಂದಳು.

ಎಲ್ಲರ ಕಣ್ಣು ನಬಿಲಾಲನ ಮೇಲೆ ಹೋದವು. ಮುಂದಿನ ಅರ್ಧದಲ್ಲೇ ಮೋಟಾರು, ಕಲ್ಲು, ತಕ್ಕಡಿ. ಅದು ಹೋದರೆ ಉಳಿಯುವುದು ಚೀಲ ಇಡುವ ಖೋಲಿ. ಆದರೂ ಅವನು ಎದ್ದು ನಿಂತ.

“ತಗೀರಿ. ಊರಿಗೆ ರಸ್ತೆ ಆಗತೈತಿ, ಸಾಲಿಗೆ ಎರಡ ಖೋಲಿ ಆಗ್ತಾವು. ನನ್ನೊಬ್ಬನ ಗಿರಣಿಗೆ ಎಲ್ಲಾ ನಿಲ್ಲೂದು ಬ್ಯಾಡ.”

ಪಂಚಾಯ್ತಿ ಅಧ್ಯಕ್ಷ ಮಾಲಿಂಗಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. “ನೋಡ್ರಿ, ಮನಷ್ಯಾ ಅಂದ್ರ ಹಿಂಗಿರಬೇಕ! ಸೋಮವಾರ ಠರಾವು ಬರದು ಮುಗಸೂಣು.” ನಬಿಲಾಲ ಕೂತು ಮೊಣಕಾಲ ಮೇಲಿನ ಹಿಟ್ಟು ಝಾಡಿಸಿಕೊಂಡ. ಅಂದು ಅವನು ಒಗೆದ ಪೈಜಾಮ ಹಾಕಿಕೊಂಡು ಬಂದಿದ್ದ, ಅದರ ಮೇಲೆ ಹಿಟ್ಟೇ ಇರಲಿಲ್ಲ.

ಪರಪ್ಪ ತನ್ನ ಹೆಬ್ಬೆರಳ ಉಗುರು ನೋಡುತ್ತ ಕುಳಿತಿದ್ದ.

ಯಾಕೆಂದರೆ ಇನ್ನೊಂದು ದಾರಿ ಇತ್ತು. ಊರೊಳಗೆ ಬರುವ ಮೊದಲೇ ಬಲಕ್ಕೆ ಇಳಿದು ಹಳ್ಳದ ದಂಡೆಗುಂಟ ಗುಡ್ಡದ ಬುಡ ಮುಟ್ಟುವ ಹಳೆಯ ಬಂಡಿ ದಾರಿ. ಅಗಲವಿದೆ, ನೆಲ ಗಟ್ಟಿ. ಒಂದೇ ಕಡೆ ಸೊಟ್ಟ. ಆ ಸೊಟ್ಟ ನೇರವಾಗಬೇಕಾದರೆ ಪರಪ್ಪನ ಹೊಲದ ಮೂಲೆ ಹೋಗಬೇಕು. ಹತ್ತೇ ಗುಂಟೆ. ಆದರೆ ಅವನಪ್ಪ ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತು ತಂದು ತುಂಬಿದ ಮೂಲೆ ಅದು. ಉಳಿದ ಹೊಲದ ಕಬ್ಬು ಎದೆಮಟ್ಟ ಇದ್ದಾಗ ಅಲ್ಲಿಯದು ತಲೆ ಮೀರುತ್ತಿತ್ತು. ಖಡಿ ಕಲ್ಲು ಸುರಿದು ರೋಲರ್ ಹಾಯಿಸಿದರೆ ಮತ್ತೆ ಅದು ಹೊಲವಾಗುವುದು ಯಾವಾಗ?

ಮನೆಗೆ ಬಂದು ಊಟಕ್ಕೆ ಕೂತ. ಹೆಂಡತಿ ಲಕ್ಕವ್ವ ರೊಟ್ಟಿ ಹಾಕುತ್ತ ಅಂದಳು, “ನಬಿಲಾಲಣ್ಣನ ಹೇಂತಿ ಶರೀಫಾಬಿ ನೀರಿಗಿ ಬಂದಿದ್ಲು. ಗಿರಣಿ ಕಲ್ಲ ಯಾರರೆ ತಗೋತಾರೇನ್ ಅಂತ ಕೇಳಾಕತ್ತಿದ್ಲು.”

ಪರಪ್ಪ ರೊಟ್ಟಿ ಮುರಿದ.

“ಹಳ್ಳದ ದಾರಿ ಯಾರ ಬಾಯಾಗೂ ಬರಲಿಲ್ಲೇನ್ರಿ ಸಭಾದಾಗ?”

“ಬರಲಿಲ್ಲ.”

“ನಿಮ್ಮ ಬಾಯಾಗ?”

“ಖಾರ ಹಾಕ ಸ್ವಲ್ಪ,” ಅಂದ ಪರಪ್ಪ. ಲಕ್ಕವ್ವ ಖಾರ ಹಾಕಿದಳು, ಕೈ ತುಸು ಧಾರಾಳವಾಗಿಯೇ ಇತ್ತು.

ಮರುದಿನ ಬೀಸಿಸುವುದಿಲ್ಲದಿದ್ದರೂ ಅರ್ಧ ಚೀಲ ಜೋಳ ಹೊತ್ತು ಗಿರಣಿಗೆ ಹೋದ. ನಬಿಲಾಲ ಕಟ್ಟೆಯ ಮೇಲೆ ಕೂತು ತಕ್ಕಡಿಯ ಸರಪಳಿ ಬಿಚ್ಚುತ್ತಿದ್ದ.

“ಬಾರಪಾ ಪರ್ಯಾ! ಟ್ರ್ಯಾಕ್ಟರ್ ತರಬೇಕಿಲ್ಲೋ? ಇನ್ನೊಮ್ಮೆ ಗುದ್ದಿದ್ರ ಕಂಪನ್ಯಾವ್ರಿಗೆ ಕೆಲಸಾ ಹಗರ ಆಗತಿತ್ತು.”

“ಲೇ, ಕೆಡವಾಕ ನಿನಗ ಇಷ್ಟ ಗಡಿಬಿಡಿ ಯಾಕ?”

“ಹೋಗೂದು ಹೋಗಲಿ. ಕಣಗಲಾದಾಗ ನಮ್ಮ ಅಳಿಯ ಅಖ್ತರನ ಅಂಗಡಿ ಐತಿ, ಅಲ್ಲಿ ಕುಂಡ್ರತೇನಿ. ಚೀಲಾ ಹೊರೂದ ತಪ್ಪಿತು, ಹಾಯಾಗಿ ಗಿರಾಕಿ ಕೂಡ ಹರಟಿ ಹೊಡೀತೇನಿ.” ನಬಿಲಾಲ ನಕ್ಕ. ಆದರೆ ಬೀಸುವಾಗ ಪ್ರತಿ ಸಲದಂತೆ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಲಿಲ್ಲ. ಪರಪ್ಪ ಅದನ್ನು ಗಮನಿಸಿದ. ಅವನ ಕಣ್ಣು ಕಂಬದ ಗಾಯದ ಮೇಲೆ ನಿಂತಿತು. ಎರಡು ಟ್ರೇಲರೇ ತಿರುಗದ ಜಾಗದಲ್ಲಿ ಇನ್ನೂರು ಅಡಿ ರೆಕ್ಕೆ ಹೊಳ್ಳುತ್ತದೆಯೇ, ಅರ್ಧ ಗಿರಣಿ ಕೆಡವಿದರೂ? ಹೊಳ್ಳುವುದಿಲ್ಲ. ಅದನ್ನು ತೋರಿಸಿಬಿಟ್ಟರೆ ಗಿರಣಿಯೂ ಉಳಿಯಿತು, ತನ್ನ ಮೂಲೆಯೂ ಉಳಿಯಿತು. ಪರಪ್ಪನ ತಲೆ ಅಷ್ಟರಮಟ್ಟಿಗೆ ಚುರುಕೇ.

ಸೋಮವಾರ ಸಭೆ ಕೂಡುವಷ್ಟರಲ್ಲಿ ಬಾವಿಯ ಹಗ್ಗಗಳನ್ನೆಲ್ಲ ಗಂಟು ಹಾಕಿ ಇನ್ನೂರು ಅಡಿ ಮಾಡಿಕೊಂಡು ಹೆಗಲಿಗೆ ಹಾಕಿಕೊಂಡು ಬಂದ.

“ಮೇಡಂ, ಬರಿಯೂಕಿಂತ ಮೊದಲ ಈ ಹಗ್ಗಾನ ರೆಕ್ಕಿ ಅಂತ ತಿಳೀರಿ. ಮುಂದಿನ ತುದಿ ನಾ ಹಿಡೀತೇನಿ, ಹಿಂದಿಂದು ನಬಿಲಾಲ. ಇಬ್ಬರೂ ರಸ್ತಾ ಬಿಡಂಗಿಲ್ಲ. ಹಗ್ಗ ಎಲ್ಲಿ ತಾಕತೈತಿ, ರೆಕ್ಕಿ ಅಲ್ಲಿ ತಾಕತೈತಿ.”

ಊರೇ ಹಿಂದೆ ಬಂತು. ನಬಿಲಾಲ ಹಗ್ಗದ ತುದಿ ಹಿಡಿದು ಮೆಲ್ಲಗೆ ನಡೆಯುತ್ತಿದ್ದ.

“ಬಿಗಿ ಹಿಡಿಯೋ! ಜೋತ ಬಿದ್ರ ರೆಕ್ಕಿ ಅನ್ನಂಗಿಲ್ಲ, ಚಣ್ಣದ ಲಾಡಿ ಅಂತಾರ!” ಎಂದು ಪರಪ್ಪ ಮುಂದಿನಿಂದ ಕೂಗಿದ.

ಪರಪ್ಪ ತಿರುವು ದಾಟಿ ನೂರು ಅಡಿಯಷ್ಟು ಹೋಗುವುದರಲ್ಲಿ ಹಗ್ಗ ಗಿರಣಿಯ ಗೋಡೆಗೆ ಸುತ್ತಿಕೊಂಡಿತು. ಊರ ಹುಡುಗರಿಬ್ಬರು ನಿಚ್ಚಣಿಕೆ ಹಾಕಿ ಅದನ್ನು ಮಾಳಿಗೆಯ ಮೇಲೆ ಎತ್ತಿದರು. “ಎಳೀರಿ!” ಅಂದ ಪರಪ್ಪ. ಹಗ್ಗ ಗಿರಣಿಯ ಮಾಳಿಗೆ ದಾಟಿತು, ಹಿಂದಿನ ಖೋಲಿ ದಾಟಿತು, ನೇರ ಹೋಗಿ ಹಿಂದಿನ ಓಣಿಗೆ ಮುಖ ಮಾಡಿದ್ದ ಮಾಲಿಂಗಪ್ಪನ ಹೊಸ ಮನೆಯ ಮೇಲೆ ಬಿಗಿಯಾಗಿ ಕೂತಿತು. ಅಲ್ಲಿ ಅರಿವೆ ಒಣ ಹಾಕುತ್ತಿದ್ದ ಅಧ್ಯಕ್ಷನ ಹೆಂಡತಿ ಸಾತವ್ವ ಕೆಳಗೆ ಇಣುಕಿ, “ಯಾರ ಪುಣ್ಯಾತ್ಮರ್ರಿ ಹಗ್ಗಾ ಕಟ್ಟಿದವರು? ಚಲೋ ಆತು,” ಎಂದು ಹಸಿ ಸೀರೆಯೊಂದನ್ನು ಅದರ ಮೇಲೆ ಹರವಿಯೇಬಿಟ್ಟಳು.

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಅಧ್ಯಕ್ಷರ, ಚಪ್ಪಾಳಿ ತಟ್ರಿ ಈಗ!” ಎಂದು ಯಾರೋ ಕೂಗಿದರು. ಮಾಲಿಂಗಪ್ಪನ ಮುಖ ಹುಣಸೆಹಣ್ಣು ತಿಂದಂತಾಗಿತ್ತು.

ಭಾಗ್ಯಾ ನಕ್ಷೆ ಬಿಚ್ಚಿ ನೋಡಿ ನಾಲಿಗೆ ಕಚ್ಚಿಕೊಂಡಳು. “ಮ್ಯಾಲಿಂದ ತಗದ ಚಿತ್ರಾ ಮೂರ ವರ್ಷದ ಹಿಂದಿಂದ್ರಿ. ಗಿರಣಿ ಹಿಂದ ಬರೇ ಬಯಲ ಐತಿ ಇದರಾಗ. ನಾ ಈ ಬಾಜೂ ಬಂದ ನೋಡಲಿಲ್ಲ. ತಪ್ಪ ನಂದ.” ಮತ್ತೆ ನಕ್ಷೆ ಮಡಚುತ್ತ, “ಅಂದ್ರ ದಾರಿ ಇಲ್ಲಂತಾತು ಕಾಕಾರ. ನಾ ಖರೆ ಇದ್ದದ್ದ ಬರೀಬೇಕ. ಫೈಲು ಹೊಳ್ಳಿ ಹೋಗತೈತಿ. ಕಂಪನ್ಯಾವ್ರು ಬ್ಯಾರೆ ಗುಡ್ಡಾ ನೋಡ್ತಾರ,” ಅಂದಳು.

ನಗು ನಿಂತಿತು. ಗುಡ್ಡದ ಹೊಲದವರ ಮುಖ ಬಾಡಿದವು. ಸಾಲಿಯ ಖೋಲಿಗಾಗಿ ಕಾದಿದ್ದ ಮಾಸ್ತರರು ನೆಲ ನೋಡಿದರು. ಎರಡೂ ಉಳಿಯಿತು ಎಂದುಕೊಂಡಿದ್ದ ಪರಪ್ಪನ ಕೈಯಲ್ಲಿ ಹಗ್ಗ ಒಮ್ಮೆಲೇ ಭಾರವಾಯಿತು. ಹೆಂಗಸರ ಗುಂಪಿನಲ್ಲಿ ನಿಂತ ಲಕ್ಕವ್ವ ಅವನನ್ನೇ ನೋಡುತ್ತಿದ್ದಳು. ನಬಿಲಾಲ ಮಾತ್ರ ಹಗ್ಗ ಸುತ್ತುತ್ತ ಅತ್ತ ತಿರುಗಿದ, ಬೇಕೆಂದೇ ತಿರುಗಿದಂತೆ.

“ದಾರಿ ಐತ್ರಿ,” ಅಂದ ಪರಪ್ಪ. ದನಿ ತನಗೇ ದೊಡ್ಡದಾಗಿ ಕೇಳಿತು. “ಹಳ್ಳದ ಬಂಡಿ ದಾರಿ. ನನ್ನ ಹೊಲದ ಮೂಲಿ ತಗದ್ರ ಸೀದಾ ಆಗತೈತಿ. ಗುರುವಾರನ ಹೇಳಬೇಕಿತ್ತು. ಕಬ್ಬ ನೋಡಿ ನಾಲಿಗಿ ಏಳಲಿಲ್ಲ.”

ಊರೆಲ್ಲ ಹಳ್ಳಕ್ಕೆ ಇಳಿಯಿತು. ಅದೇ ಹಗ್ಗ, ಅವೇ ಎರಡು ತುದಿ. ಬಂಡಿ ದಾರಿಯಲ್ಲಿ ಹಗ್ಗ ಪರಪ್ಪನ ಕಬ್ಬನ್ನು ಬಿಟ್ಟರೆ ಬೇರೇನನ್ನೂ ತಾಕಲಿಲ್ಲ. ಭಾಗ್ಯಾ ಎರಡು ಸಲ ಅಳೆದಳು, ಈ ಸಲ ಎರಡೂ ಬಾಜೂ ನಡೆದು ನೋಡಿದಳು.

ಪಂಚಾಯ್ತಿಯ ಪಿಡಿಒ ಬದುವಿನ ಮೇಲೆ ಕೂತೇ ಠರಾವು ಬರೆಯಲು ಹತ್ತಿದಾಗ ಪರಪ್ಪ ಅಡ್ಡ ಬಂದ. “ಸಾಹೇಬ್ರ, ಒಂದ ಮಾತ ಸೇರಸ್ರಿ. ಮ್ಯಾಲಿನ ಎರಡ ಅಡಿ ಮಣ್ಣ ಬ್ಯಾರೆ ತಗದ ಬದುವಿನ ಮ್ಯಾಲ ಒಟ್ಟಬೇಕ. ಹದಿನಾಲ್ಕೂ ಫ್ಯಾನ ಹತ್ತಿದ ಮ್ಯಾಲ ಖಡಿ ತಗದು ಅದ ಮಣ್ಣ ಹೊಳ್ಳಿ ಹಾಕಬೇಕ. ಅದು ನಮ್ಮಪ್ಪನ ಮಣ್ಣ.”

“ಬರೀರಿ,” ಅಂದಳು ಭಾಗ್ಯಾ. “ನಾ ಸಹಿ ಮಾಡ್ತೇನಿ.” ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಮಾಲಿಂಗಪ್ಪ.

ವಾಪಸು ಬರುವಾಗ ಪರಪ್ಪ ಗೆಳೆಯನ ಪಕ್ಕಕ್ಕೆ ಸರಿದ. “ಬೈಯೋ ನನಗ. ನಾಕ ದಿನಾ ಸುಮ್ಮನಿದ್ದೆ.”

“ನಾನೂ ಸುಮ್ಮನಿದ್ದೆನಲ್ಲ.”

“ನಿನಗ ಗೊತ್ತಿತ್ತು?”

“ಆ ಮೂಲ್ಯಾಗ ನಿಮ್ಮಪ್ಪನ ಕೂಡ ಹೂಳಿನ ಬುಟ್ಟಿ ನಾ ಹೊತ್ತಿಲ್ಲೇನ ಹುಚ್ಚಪ್ಪಾ? ನನ್ನ ಗಿರಣಿ ಉಳಸಾಕ ನಿನ್ನ ಹೊಲದ ಹೆಸರ ನಾ ಹೆಂಗ ಎತ್ತಲಿ?”

ಪರಪ್ಪ ಹೆಗಲ ಮೇಲಿನ ವಲ್ಲಿ ಎಳೆದು ಮುಖ ಒರೆಸಿಕೊಂಡ. ಬಿಸಿಲು ಜೋರಿತ್ತು ಅನ್ನಿ.

ಕಾಗದ ಹುಕ್ಕೇರಿಯಲ್ಲಿ ಒಂದು ತಿಂಗಳು ಕೂತಿತು, ಬೆಳಗಾವಿಯಲ್ಲಿ ಮೂರು. ಮಂಜೂರಾತಿ ಬಂದ ಸುದ್ದಿಯನ್ನು ಭಾಗ್ಯಾ ಫೋನು ಮಾಡಿ ಮೊದಲು ಪರಪ್ಪನಿಗೇ ಹೇಳಿದಳು. ಮಣ್ಣಿನ ಷರತ್ತೂ ಅದರಲ್ಲಿ ಹಾಗೇ ಇತ್ತು.

ಮೂಲೆಯ ಕಬ್ಬು ಕಡಿಯುವ ದಿನ ನಸುಕಿನಲ್ಲಿ ಊರಿಗೆ ಗಿರಣಿಯ ಸಪ್ಪಳ ಕೇಳಲಿಲ್ಲ. ಬಾಗಿಲಿಗೆ ಬೀಗ ಹಾಕಿ ನಬಿಲಾಲ ಯಾರಿಂದಲೋ ಕೊಯತಾ ಕತ್ತಿ ಇಸಿದುಕೊಂಡು ಹೊಲಕ್ಕೆ ಬಂದಿದ್ದ. ಲಕ್ಕವ್ವ ಬುತ್ತಿ ಇಳಿಸುವಷ್ಟರಲ್ಲಿ ಹತ್ತು ಕಬ್ಬು ಕಡಿದು ಏದುಸಿರು ಬಿಡುತ್ತಿದ್ದ. ಪರಪ್ಪ ಬಂದು ನೋಡಿದರೆ ಒಂದೊಂದು ಕೂಳೆಯೂ ನೆಲದಿಂದ ಒಂದು ಗೇಣು ಮೇಲೆ ನಿಂತಿದೆ.

“ಲೇ ನಬ್ಯಾ, ಬುಡಕ ಹಾಕೋ! ರಸಾ ಎಲ್ಲಾ ಬುಡದಾಗ ಇರತೈತಿ. ನೆಲದಾಗ ಬಿಟ್ಟ ಯಾರಿಗೆ ಕೊಡ್ತಿ?”

“ನಿನ್ನ ಟ್ರ್ಯಾಕ್ಟರಕಿಂತ ಚಲೋ ಹೊಳ್ಳಾಕತ್ತೈತಿ ನನ್ನ ಕೈ,” ಎಂದು ನಬಿಲಾಲ ಮತ್ತೆ ಬಗ್ಗಿದ, ಈ ಸಲ ಬುಡಕ್ಕೇ ಹಾಕಿದ.